ಹನ್ನೆರಡು ಮಾರು ಹಗ್ಗ

"ನಿಮ್ಮನ್ನ ನಾ ನೀರಿಗಿ ಇಳಸಂಗಿಲ್ಲರಿ."

ಅವನು ತಲೆ ಎತ್ತದೆಯೇ ಹೇಳಿದ. ಕೈಯಲ್ಲಿ ಪ್ರವಾಸಿಗರ ಪಟ್ಟಿ. ಪಟ್ಟಿಯ ಏಳನೆಯ ಹೆಸರಿನ ಮೇಲೆ ಅವನ ಬೆರಳು. 'ಶ್ವೇತಾ ಅಂದಾನೆಪ್ಪ, ಬ್ಯಾಡಗಿ.'

ಬೆರಳು ಅಲ್ಲೇ ನಿಂತುಬಿಟ್ಟಿತ್ತು... ಅದನ್ನು ಶ್ವೇತಾ ಒಬ್ಬಳೇ ನೋಡಿದಳು.

ಸುತ್ತ ಅಂಡಮಾನಿನ ಸಮುದ್ರ. ದಡದ ಹತ್ತಿರ ಹಸಿರು, ಸ್ವಲ್ಪ ಆಚೆ ನೀಲಿ, ಅದರಾಚೆ ಹೆಸರೇ ಗೊತ್ತಿಲ್ಲದ ಬಣ್ಣ. ರಾಷ್ಟ್ರೀಯ ಉದ್ಯಾನದ ಈ ಪುಟ್ಟ ದ್ವೀಪದಲ್ಲಿ ಮನೆಯಿಲ್ಲ, ಅಂಗಡಿಯಿಲ್ಲ, ಮೊಬೈಲಿಗೆ ಸಿಗ್ನಲ್ ಇಲ್ಲ. ಹವಳ ನೋಡಬಹುದು, ಮುಟ್ಟುವಂತಿಲ್ಲ. ಬೆಳಿಗ್ಗೆ ದೋಣಿಯಲ್ಲಿ ಬಂದವರು ಮಧ್ಯಾಹ್ನ ಎರಡಕ್ಕೆ ಅದೇ ದೋಣಿಯಲ್ಲಿ ಹೊರಡಬೇಕು. ಪರ್ಮಿಟ್ ಒಂದೇ ದಿನಕ್ಕೆ.

"ಅಯ್ಯ! ಡೈವಿಂಗ್ ಗೈಡ್ ನಮ್ಮ ಕಡೆಯಂವ! ಇಳಸಂಗಿಲ್ಲ ಅಂದ, ಕೇಳಿದ್ರೇನು?" ಎಂದು ಜುಬೇದಾ ಟೀಚರ್ ಕೂಗಿಯೇಬಿಟ್ಟಳು. ಹಾವೇರಿಯಿಂದ ಬಂದ ಎಂಟು ಮಂದಿ ಶಿಕ್ಷಕರ ಈ ಪ್ರವಾಸವನ್ನು ಹೊಂದಿಸಿದವಳೇ ಅವಳು. ಶ್ವೇತಾ ಯಾಕೆ ಬಂದಿದ್ದಾಳೆಂದು ಅವಳಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಗೊತ್ತಿಲ್ಲದಂತೆ ನಟಿಸಲು ಅವಳಂಥವರು ಇಡೀ ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲ.

"ಯಾಕ ಇಳಸಂಗಿಲ್ಲ?" ಶ್ವೇತಾ ಒಂದು ಹೆಜ್ಜೆ ಮುಂದೆ ಬಂದಳು.

"ಆರೋಗ್ಯ ಸರಿ ಇದ್ದವರನ್ನ ಅಷ್ಟ ಇಳಸ್ತೇವಿ."

"ನನಗೇನಾಗೈತಿ?"

ಆಗ ಅವನು ತಲೆ ಎತ್ತಿದ. ಮೂರು ವರ್ಷ...! ಬಿಸಿಲು, ಉಪ್ಪುನೀರು ಸೇರಿ ಅವನನ್ನು ಇನ್ನಷ್ಟು ಕಪ್ಪಾಗಿಸಿದ್ದವು. ಕಣ್ಣು ಮಾತ್ರ ಅವೇ.

"ನಿಮ್ಮ ಮನಿಯವರ ಸಲುವಾಗಿ ನಾ ಮತ್ತೊಮ್ಮೆ ನೀರಿಗಿ ಇಳಿಯಂಗಿಲ್ಲರಿ. ಮುಂದಿನವರು ಬರ್ರಿ!"

'ರೀ' ಅಂದ! ಒಂದು ಕಾಲಕ್ಕೆ 'ಏ ಟೀಚರ್, ಎಷ್ಟೊತ್ತು ಕಾಯಬೇಕು ನಿನ್ನ' ಎಂದು ಬಸ್ ಸ್ಟ್ಯಾಂಡಿನಲ್ಲಿ ಮುನಿಸಿಕೊಳ್ಳುತ್ತಿದ್ದ ಬಾಯಿ ಅದು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ... ಈ ಮರ್ಯಾದೆಯನ್ನು ತಡೆದುಕೊಳ್ಳಲು ಅವಳಿಂದ ಆಗಲಿಲ್ಲ.

ಅವಳು ಬೆನ್ನಿಗೆ ಹಾಕಿಕೊಂಡಿದ್ದ ಚೀಲವನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಚೀಲದೊಳಗೆ ಸುತ್ತಿಟ್ಟ ಹಳೆಯ ನೂಲಿನ ಹಗ್ಗವಿತ್ತು. ಹನ್ನೆರಡು ಮಾರು ಉದ್ದದ ಹಗ್ಗ.

'ಎರಡು ಗಂಟೆದೊಳಗ ಇವನ್ನ ಒಪ್ಪಸಬೇಕು. ಊರಿಗಿ ಕರಕೊಂಡು ಹೋಗಬೇಕು. ಇಲ್ಲಾಂದ್ರ ನಮ್ಮಪ್ಪ ಉಳಿಯಂಗಿಲ್ಲ...'

*

ಅವನ ಹೆಸರು ಕೊಟ್ರೇಶ. ರಾಣೆಬೆನ್ನೂರು ತಾಲೂಕಿನ ಐರಣಿಯವನು. ತುಂಗಭದ್ರೆಯಲ್ಲಿ ಬಲೆ ಬೀಸುವ, ತೆಪ್ಪ ನಡೆಸುವ ಅಂಬಿಗರ ಮನೆ. ಶ್ವೇತಾ ಆ ಊರಿನ ಶಾಲೆಗೆ ಅತಿಥಿ ಶಿಕ್ಷಕಿಯಾಗಿ ದಿನಾ ಬ್ಯಾಡಗಿಯಿಂದ ಬರುತ್ತಿದ್ದಳು.

ಮೊದಲ ಸಲ ಅವರು ಮಾತಾಡಿದ್ದು ರಾಣೆಬೆನ್ನೂರಿನಿಂದ ಐರಣಿಗೆ ಹೋಗುವ ಬಸ್ಸಿನಲ್ಲಿ. ಮೀನು ಮಾರಿ ಖಾಲಿ ಬುಟ್ಟಿ ಹಿಡಿದು ಅವಳ ಪಕ್ಕ ಕುಳಿತವನು ಸಂಕೋಚದಿಂದ, "ವಾಸನಿ ಬರಾಕತ್ತೈತೇನ್ರಿ ಟೀಚರ್?" ಎಂದು ಕೇಳಿ, ಅವಳು ಉತ್ತರ ಕೊಡುವಷ್ಟರಲ್ಲಿ ತಾನೇ ಏಳು ಸಲ ಸೀನಿದ್ದ! ಮೆಣಸಿನಕಾಯಿ ಮಾರುಕಟ್ಟೆಯ ಹಮಾಲನ ಮಗಳು ಅವಳು. ಎಷ್ಟು ಒಗೆದರೂ ಅವಳ ಸೀರೆಯಿಂದ ಘಾಟು ಬಿಡುತ್ತಿರಲಿಲ್ಲ.

"ನಿಮ್ಮ ಮೀನಿಗಿಂತ ನನ್ನ ಖಾರ ಜೋರೈತ್ರಿ," ಎಂದು ಅವಳು ನಕ್ಕಿದ್ದಳು. ಹೊಳೆಯಲ್ಲಿ ಎಂದೂ ಮುಳುಗದವನು ಆವತ್ತು ಬಸ್ಸಿನಲ್ಲಿ ಮುಳುಗಿಹೋದ.

ಈ ಗುಟ್ಟು ಮೊದಲು ಗೊತ್ತಾದದ್ದು ಅವಳ ತಮ್ಮ ಮಧುವಿಗೆ. ರಾಣೆಬೆನ್ನೂರಿನಲ್ಲಿ ಐಟಿಐ ಓದುತ್ತಿದ್ದ ಹತ್ತೊಂಬತ್ತರ ಹುಡುಗ. ಅಕ್ಕನ ಹುಡುಗನನ್ನು ಜಗಳವಾಡಿ ಓಡಿಸಬೇಕೆಂದು ಹೋದವನು ಸಂಜೆಯ ಹೊತ್ತಿಗೆ ಅವನ ತೆಪ್ಪದಲ್ಲೇ ಕುಳಿತು ಹಲ್ಲು ಕಿರಿಯುತ್ತಿದ್ದ! ಅವನ ಮೊಬೈಲ್ ತುಂಬ ಸಮುದ್ರದ ವಿಡಿಯೋಗಳು.

"ಕೊಟ್ರೇಶಣ್ಣಾ, ಇಲ್ಲಿ ನೋಡು. ಅಂಡಮಾನ! ಆಮೆ ಬಾಜೂಕ ಮನುಷ್ಯಾ ಈಜಾಕತ್ತಾನ. ನೀ ಅಲ್ಲಿ ಹೋದ್ರ ರಾಜಾ ಆಗ್ತಿ ರಾಜಾ!"

"ಹೋಗೂಣಲೇ. ನಿಮ್ಮಕ್ಕನ ಮದಿವಿ ಆಗಲಿ, ಮೂರೂ ಮಂದಿ ಹೋಗೂಣ."

ಮಾತು ಕೊಟ್ಟುಬಿಟ್ಟಿದ್ದ. ಮಧುವಿಗೆ ಕೊಟ್ಟ ಆ ಮಾತು ಅವನ ಎದೆಯಲ್ಲಿ ಇವತ್ತಿಗೂ ಚುಚ್ಚುತ್ತಿತ್ತು.

ಮೂರು ವರ್ಷದ ಹಿಂದಿನ ಶ್ರಾವಣದ ಒಂದು ಭಾನುವಾರ. ಜಾತಿ ಬೇರೆಯೆಂದು ಮೂರು ತಿಂಗಳು ಮುಖ ತಿರುಗಿಸಿಕೊಂಡಿದ್ದ ಶ್ವೇತಾಳ ಅಪ್ಪ ಅಂದಾನೆಪ್ಪ, "ದುಡದು ಉಣ್ಣೋ ಮಂದಿ ನಾವೂ, ಅವರೂ. ನಡೀರಿ, ಮನಿ ನೋಡಿ ಬರೂಣ," ಎಂದು ಸಂಸಾರ ಸಮೇತ ಐರಣಿಗೆ ಹೊರಟ. ಕೊಟ್ರೇಶನನ್ನು ಸಾಕಿ ಬೆಳೆಸಿದ ಅಜ್ಜಿ ಹೊಳಿಯವ್ವ ಒಳಗೆ ಚಹಾ ಸೋಸುತ್ತಿದ್ದಳು. ಮಧು ಕಾಲು ತೊಳೆಯಲೆಂದು ಹೊಳೆಗೆ ಇಳಿದ.

ಕಲ್ಲು ಜಾರಿತು. ತುಂಬಿದ ಹೊಳೆ. ದಡದ ಪಕ್ಕದಲ್ಲೇ ಆಳವಾದ ಮಡುವು.

ಆ ಮನೆಯವರಿಗೆ ಒಂದು ಪದ್ಧತಿ ಇತ್ತು. ಮುಳುಗಿದವರನ್ನು ತೆಗೆಯಲು ಇಳಿಯುವವನು ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳುತ್ತಾನೆ. ಹಗ್ಗದ ಇನ್ನೊಂದು ತುದಿಯನ್ನು ಮುಳುಗಿದವರ ಕರುಳಿನವರ ಕೈಗೇ ಕೊಡಬೇಕು. ಬೇರೆಯವರು ದಣಿದು ಬಿಟ್ಟಾರು, ಕರುಳಿನವರು ಬಿಡುವುದಿಲ್ಲ. ಕೊಟ್ರೇಶ ಹಗ್ಗದ ತುದಿಯನ್ನು ಅಂದಾನೆಪ್ಪನ ಕೈಗೆ ಕೊಟ್ಟ.

"ಭಾರ ಬಂತಂತ ಎಳೀಬ್ಯಾಡ್ರಿ! ನಾ ಮೂರು ಸಲ ಜಗ್ಗತೇನಿ. ಆವಾಗ ಎಳೀರಿ!"

ಅಂದಾನೆಪ್ಪ ತಲೆಯಾಡಿಸಿದ. ಕೊಟ್ರೇಶ ಮುಳುಗಿದ.

ಮೇಲೆ ಬಂದಾಗ ಅವನ ಕೈ ಖಾಲಿಯಿತ್ತು.

ಅವನು ಏದುಸಿರು ಬಿಡುತ್ತಾ ಒಮ್ಮೆ ಅಂದಾನೆಪ್ಪನ ಮುಖ ನೋಡಿದ. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದ. "ಹೆದರಿಕಿ ಬಂತು... ಉಸಿರು ಸಾಲಲಿಲ್ಲ. ಮ್ಯಾಲ ಬಂದೆ."

ಮತ್ತೆ ಮೂರು ಸಲ ಮುಳುಗಿದ. ಸಿಗಲಿಲ್ಲ. ಎರಡು ದಿನದ ಮೇಲೆ ಮಧುವಿನ ದೇಹ ಹರಿವಿನ ಕೆಳಗೆ ಸಿಕ್ಕಿತು.

ಆವತ್ತು ಊರಿನ ಮಂದಿಯೆಲ್ಲ ಸೇರಿದ ದಂಡೆಯ ಮೇಲೆ ಶ್ವೇತಾ ಅವನ ಅಂಗಿ ಹಿಡಿದು ಕಿರುಚಿದ್ದಳು. "ಹೇಡಿ! ನಿನ್ನ ಜೀವ ಅಷ್ಟ ಉಳಿಸ್ಕೊಂಡು ಬಂದಿಯಲ್ಲೋ! ನನ್ನ ತಮ್ಮನ್ನ ಅಲ್ಲೇ ಬಿಟ್ಟು ಬಂದಿ! ಇನ್ನ ಸಾಯೋತನಕ ನಿನ್ನ ಮಾರಿ ತೋರಸಬ್ಯಾಡ!"

ಅವನು ತಲೆತಗ್ಗಿಸಿ ನಿಂತಿದ್ದ. ತಿಂಗಳೊಳಗೆ ಊರು ಬಿಟ್ಟು, ಮಧು ಕನಸು ಕಂಡಿದ್ದ ಅಂಡಮಾನಿಗೆ ಹೋದ. ಅವಳು ಕೇಳಿದ್ದನ್ನು ಅಷ್ಟು ನಿಷ್ಠೆಯಿಂದ ನಡೆಸಿಕೊಟ್ಟ.

ನಿಜ ಹೊರಬಂದದ್ದು ಈ ವರ್ಷದ ಶಿವರಾತ್ರಿಯ ಹೊತ್ತಿಗೆ. ಅಂದಾನೆಪ್ಪನಿಗೆ ಲಕ್ವ ಹೊಡೆದು ಬಲಭಾಗವೆಲ್ಲ ಬಿದ್ದುಹೋಯಿತು. ಹಾವೇರಿಯ ಆಸ್ಪತ್ರೆಯ ಮಂಚದ ಮೇಲೆ, ಸೊಟ್ಟಗಾದ ಬಾಯಿಂದ ಅವನು ಒಂದೊಂದೇ ಮಾತು ಹೊರಳಿಸಿದ.

"ಯವ್ವಾ... ಅಂವ ಹೆದರಿ ಬರಲಿಲ್ಲ. ನಾ... ನಾ ಎಳದೆ..."

"ಏನಂತೀಯಪ್ಪಾ?"

"ಹಗ್ಗಕ್ಕ ಭಾರ ಬಂತು. ಇಬ್ಬರ ಭಾರ... ಅಂವ ಮಧೂನ್ನ ಹಿಡದಿದ್ದ. ಜಗ್ಗೋತನಕ ಎಳೀಬ್ಯಾಡ ಅಂದಿದ್ದ. ನನಗ ನೆನಪಿತ್ತು, ನನ್ನ ಕೈಗೆ ನೆನಪಿರಲಿಲ್ಲ. ಮೂವತ್ತು ವರ್ಷ ಚೀಲ ಎಳದ ಕೈಯವ್ವಾ ಇವು... ಭಾರ ಬಿದ್ರ ತಾವ ಎಳೀತಾವ. ನಾ ಎಳದ ಹೊಡತಕ್ಕ ಅಂವನ ಕೈಯಾಗಿಂದ ಮಧು..."

ಅವನಿಗೆ ಮುಂದೆ ಹೇಳಲಾಗಲಿಲ್ಲ. ಬಿದ್ದುಹೋದ ಬಲಗೈಯನ್ನು ಎಡಗೈಯಿಂದ ಎತ್ತಿ ತೋರಿಸಿದ. "ದೇವರು ಸರಿಯಾದ ಕೈನ ತಗೊಂಡಾನ ನೋಡು."

ಆವತ್ತಿನಿಂದ ಅವನಿಗೆ ಊಟ ಸೇರಲಿಲ್ಲ. 'ಕೊಟ್ರೇಶಗ ಹೇಳೋತನಕ ನನಗ ಅನ್ನ ಇಳಿಯಂಗಿಲ್ಲ' ಎಂದು ಹಟ ಹಿಡಿದ. ದಿನ ಕಳೆದಂತೆ ಹಟ ಹೋಗಿ, ಗಂಜಿ ನುಂಗುವ ಶಕ್ತಿಯೇ ಹೋಗತೊಡಗಿತು. ಹೊಟ್ಟೆಗೆ ಏನೂ ಹೋಗದಿದ್ದರೆ ಔಷಧಿ ಕೆಲಸ ಮಾಡುವುದಿಲ್ಲ, ಹೆಚ್ಚು ದಿನ ಕಾಯುವಂತಿಲ್ಲ ಎಂದು ಡಾಕ್ಟರು ಹೇಳಿದರು.

ಶ್ವೇತಾ ಐರಣಿಗೆ ಓಡಿದಳು. ಹೊಳಿಯವ್ವನ ಫೋನಿನಿಂದ ಕೊಟ್ರೇಶನಿಗೆ ಫೋನ್ ಮಾಡಿದಳು. ಅವಳ ದನಿ ಕೇಳಿದ ಕೂಡಲೇ ಅವನು ಫೋನ್ ಇಟ್ಟ. ಮತ್ತೆ ಎತ್ತಲಿಲ್ಲ.

ಹೊಳಿಯವ್ವ ಗೂಟಕ್ಕೆ ನೇತುಹಾಕಿದ್ದ ಹಗ್ಗ ತೆಗೆದು ಅವಳ ಕೈಗಿಟ್ಟಳು. "ಅಂವ ಇದನ್ನ ಇಲ್ಲೇ ಬಿಟ್ಟು ಹ್ವಾದ. ಹಗ್ಗ ಇಲ್ಲದ ನೀರಿಗಿ ಬೀಳಾಕತ್ತಾನಂತ ಅಲ್ಲಿ, ಸಾಯಾಕ ಕುಂತವರಂಗ. ನೀನ ಒಯ್ದು ಕೊಡು ತಂಗಿ."

ಅಪ್ಪ ಸಾಯುವ ಹೊತ್ತಿನಲ್ಲಿ ಮಗಳು ಅಂಡಮಾನಿಗೆ ಟೂರ್ ಹೊರಟಳು ಎಂದು ಓಣಿಯ ಮಂದಿ ಆಡಿಕೊಂಡರು. ಆಡಿಕೊಳ್ಳಲಿ!

*

ದ್ವೀಪದಲ್ಲಿ ಹನ್ನೆರಡು ದಾಟಿತ್ತು.

ಉಳಿದವರೆಲ್ಲ ಒಬ್ಬೊಬ್ಬರಾಗಿ ಕೊಟ್ರೇಶನ ಕೈ ಹಿಡಿದು ಸಮುದ್ರದೊಳಗೆ ಹೋಗಿ ಬಂದರು. ಬಂದವರ ಬಾಯಿ ಮುಚ್ಚುತ್ತಿರಲಿಲ್ಲ. ಕಿತ್ತಳೆ ಪಟ್ಟೆಯ ಮೀನಂತೆ, ನೇರಳೆ ಹವಳವಂತೆ, ಬಾಯಿ ತೆರೆದು ಮುಚ್ಚುವ ಬುಟ್ಟಿಯಷ್ಟು ದೊಡ್ಡ ಚಿಪ್ಪಂತೆ! ಜುಬೇದಾ ಎರಡು ಲೈಫ್ ಜಾಕೆಟ್ ತೊಟ್ಟು ಮೊಣಕಾಲುದ್ದ ನೀರಿನಲ್ಲಿ ಮುಖ ಅದ್ದಿ, ಬೆರಳುದ್ದದ ಮೀನು ಕಂಡದ್ದಕ್ಕೆ ಚೀರಿ ಹೊರಗೆ ಬಂದಿದ್ದಳು.

ಶ್ವೇತಾ ಏನನ್ನೂ ನೋಡಲಿಲ್ಲ. ಅವಳ ಕಣ್ಣು ಗಡಿಯಾರದ ಮೇಲೆ.

ಊಟದ ಹೊತ್ತಿಗೆ ಅವನು ಒಬ್ಬನೇ ದೂರದ ಮರದ ಕೆಳಗೆ ಹೋಗಿ ಕುಳಿತ. ಅವಳು ಹೋಗಿ ಹಗ್ಗವನ್ನು ಅವನ ಮುಂದೆ ಇಟ್ಟಳು.

ಅವನ ಮುಖದ ರಕ್ತವೆಲ್ಲ ಇಳಿದುಹೋಯಿತು.

"ಇದನ್ನ ಯಾಕ ತಂದ್ರಿ?"

"ಹೊಳಿಯವ್ವ ಕೊಟ್ಲು. ಕೊಟ್ರೇಶ, ಅಪ್ಪ ಎಲ್ಲಾ ಹೇಳ್ಯಾನ."

"ಏನ ಹೇಳ್ಯಾರ? ಹೇಳೂದು ಏನೂ ಇಲ್ಲ. ನಾ ಹೆದರಿ ಮ್ಯಾಲ ಬಂದೆ, ಅಷ್ಟ."

"ಇನ್ನೂ ಸುಳ್ಳು ಹೇಳ್ತೀಯಾ? ಅಂವ ಎಳದ ಅಂತ ನನಗ ಗೊತ್ತಾಗೈತಿ! ಮೂರು ವರ್ಷ ನಿನ್ನ ಹೇಡಿ ಅಂದೆ, ಮನಸಿನ್ಯಾಗ ದಿನಾ ಅಂದೆ... ನೀ ಯಾಕ ಒಂದು ಮಾತು ಹೇಳಲಿಲ್ಲ?"

ಅವನು ಸಮುದ್ರದ ಕಡೆ ತಿರುಗಿದ. ದೂರದಲ್ಲಿ ಬಿಳಿ ಹೊಟ್ಟೆಯ ಹದ್ದೊಂದು ನೀರಿಗೆ ಎರಗಿ ಮೀನು ಎತ್ತಿಕೊಂಡು ಹೋಯಿತು.

"ಮಗನ್ನ ಕಳಕೊಂಡ ಅಪ್ಪನ ಮುಂದ ನಿಂತು 'ನೀನ ಕೊಂದಿ' ಅಂತ ಹ್ಯಾಂಗ ಹೇಳಬೇಕಿತ್ತು?" ಎಂದ ಕೊನೆಗೆ. "ಆದ್ರ ನಾ ಹೇಳಿದ್ದು ಪೂರಾ ಸುಳ್ಳಲ್ಲ."

"ಅಂದ್ರ?"

"ಮಧೂನ ಕೈ ನನ್ನ ಕೈಯಾಗ ಇತ್ತು. ಹಗ್ಗ ಎಳೀತು, ಅರ್ಧ ಕೈ ಜಾರ್ತು. ನನ್ನ ಸೊಂಟದಾಗ ಚಾಕು ಇತ್ತು. ಹಗ್ಗ ಕೊಯ್ದಿದ್ರ ನಾ ಅಲ್ಲೇ ಉಳೀತಿದ್ದೆ. ಅವನ್ನ ಇನ್ನೊಮ್ಮೆ ಹಿಡೀತಿದ್ದೆ. ಚಾಕುವಿನ ಮ್ಯಾಲ ಕೈ ಹೋತು..." ಅವನು ತನ್ನ ಅಂಗೈ ನೋಡಿಕೊಂಡ. "ಕೊಯ್ಯಲಿಲ್ಲ. ಬದುಕಬೇಕು ಅನಿಸ್ತು. ನಿನ್ನ ಕೂಡ ಬದುಕಬೇಕು ಅನಿಸ್ತು. ಆ ಒಂದು ಕ್ಷಣಕ್ಕ ನಿನ್ನ ತಮ್ಮ ಹೋದ. ನೀ ಹೇಡಿ ಅಂದಿದ್ದು ಖರೇನ ಐತಿ."

ಶ್ವೇತಾ ಹಗ್ಗವನ್ನು ಅವನ ಕಡೆಗೆ ಇನ್ನಷ್ಟು ಸರಿಸಿದಳು.

"ಅಪ್ಪ ಗಂಜಿ ನುಂಗವಲ್ಲ ಕೊಟ್ರೇಶ. ನಿನ್ನ ಮುಂದ ಹೇಳದ ಹೋಗಿಬಿಡ್ತಾನ. ಒಂದ ಸಲ ಬಾ. ಆಮ್ಯಾಲ 'ನಿನ್ನ ಮಾರಿ ತೋರಸಬ್ಯಾಡ' ಅಂತ ನೀ ನನಗ ಅಂದ್ರೂ ಸರಿ, ನಾ ಏನೂ ಅನ್ನಂಗಿಲ್ಲ."

"ನನ್ನ ಕೈಲೆ ಆಗಂಗಿಲ್ಲರಿ." ಮತ್ತೆ ಆ 'ರೀ'. "ಅವರು ನನ್ನ ಮುಂದ ತಪ್ಪು ಒಪ್ಕೊಂಡ್ರ ನಾ ನನ್ನದನ್ನ ಅವರ ಮುಂದ ಹೇಳಬೇಕಾಗ್ತೈತಿ. ಸಾಯೋ ಮನುಷ್ಯಾಗ 'ನಿಮ್ಮ ಮಗನ್ನ ಉಳಸಬೌದಿತ್ತು, ನಾ ಉಳಸಲಿಲ್ಲ' ಅಂತ ಹೇಳಲೇನು? ಹೋಗ್ರಿ. ದೋಣಿ ಹೊತ್ತಾತು."

ಅವನು ಎದ್ದು ಹೋದ. ಹಗ್ಗ ಮರಳಿನ ಮೇಲೆ ಬಿದ್ದಿತ್ತು. ಶ್ವೇತಾ ಅದನ್ನು ಎದೆಗೆ ಅವುಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಇಷ್ಟು ದೂರ ಬಂದು... ಸಮುದ್ರ ದಾಟಿ ಬಂದು... ಖಾಲಿ ಕೈಯಲ್ಲಿ ಹೋಗಬೇಕಲ್ಲ!

ದೋಣಿಯ ಸೀಟಿ ಕೇಳಿಸಿತು.

*

ಮರಳುವ ದೋಣಿಗೆ ಗಾಜಿನ ತಳವಿತ್ತು. ಕೊಟ್ರೇಶ ದೋಣಿಯ ಮೂತಿಯಲ್ಲಿ ಯಾರ ಕಡೆಗೂ ನೋಡದೆ ನಿಂತಿದ್ದ. ಜುಬೇದಾ ಶ್ವೇತಾಳ ಕೈ ಹಿಡಿದು ಕುಳಿತಿದ್ದಳು.

ಹವಳದ ದಿಬ್ಬ ಮುಗಿಯುವ ಜಾಗ. ಗಾಜಿನಲ್ಲಿ ಇಣುಕಿದ್ದ ಜುಬೇದಾ ಥಟ್ಟನೆ ಎದ್ದಳು. "ಯಾ ಅಲ್ಲಾ! ಅಲ್ಲಿ ನೋಡ್ರಿ!"

ಕೆಳಗೆ ಒಂದು ದೊಡ್ಡ ಕಡಲಾಮೆ. ಎಲ್ಲಿಂದಲೋ ಹರಿದು ಬಂದ ಹಳೆಯ ಬಲೆ ಹವಳಕ್ಕೆ ಸುತ್ತಿಕೊಂಡಿತ್ತು. ಆಮೆಯ ಕುತ್ತಿಗೆ, ಮುಂಗಾಲು ಆ ಬಲೆಯೊಳಗೆ. ಅದು ಮೇಲೇಳಲು ಒದ್ದಾಡುತ್ತಿತ್ತು, ಬಲೆ ಬಿಡುತ್ತಿರಲಿಲ್ಲ.

"ಆಮೆ ನೀರಾಗ ಇರ್ತೈತೆಲ್ಲ, ಏನಾಗ್ತೈತಿ?" ಎಂದರು ಒಬ್ಬ ಮಾಸ್ತರರು.

"ಅದಕ್ಕೂ ಉಸಿರು ಬೇಕ್ರಿ," ಎಂದ ಕೊಟ್ರೇಶ. "ಮ್ಯಾಲ ಬರದಿದ್ರ ಮುಳಗಿ ಸಾಯ್ತೈತಿ."

ಅವನು ಆಗಲೇ ಅಂಗಿ ಕಳಚಿ ಸೊಂಟಕ್ಕೆ ಚಾಕು ಸಿಕ್ಕಿಸಿಕೊಂಡಿದ್ದ. ಉಸಿರಿನ ಸಿಲಿಂಡರ್‌ಗಳೆಲ್ಲ ಖಾಲಿಯಾಗಿದ್ದವು. ಸೆಳೆತ ಜೋರಿತ್ತು. ಹಗ್ಗವಿಲ್ಲದೆ ಇಳಿಯುವಂತಿಲ್ಲ ಎಂದು ದೋಣಿಯಲ್ಲಿದ್ದ ಉದ್ಯಾನದ ಅರಣ್ಯ ಕಾವಲುಗಾರ ಹಿಂದಿಯಲ್ಲಿ ಗದರಿ ಅವನ ತೋಳು ಹಿಡಿದ. ದೋಣಿಯಲ್ಲಿದ್ದ ಒಂದೇ ಹಗ್ಗವನ್ನು ಲಂಗರಿಗೆ ಕಟ್ಟಿ ದೋಣಿಯನ್ನು ನಿಲ್ಲಿಸಿಯಾಗಿತ್ತು. ಕೊಟ್ರೇಶ ತೋಳು ಕೊಸರಿಕೊಂಡ.

"ಕೊಟ್ರೇಶ!"

ಶ್ವೇತಾ ನೂಲಿನ ಹಗ್ಗ ಬಿಚ್ಚಿ ನಿಂತಿದ್ದಳು.

ಅವನು ಹಗ್ಗ ನೋಡಿದ. ಅವಳನ್ನು ನೋಡಿದ. ಕೆಳಗೆ ಆಮೆಯ ಒದ್ದಾಟ ನಿಧಾನವಾಗುತ್ತಿತ್ತು.

"ಹಗ್ಗ ಹಿಡಿಯಾಕ ಕರುಳಿನವರು ಬೇಕು. ಇಲ್ಲಿ ಆಮೆಗೆ ಯಾರದಾರ?" ಎಂದ ಕಟುವಾಗಿ.

"ಅದರ ಕರುಳಿನವರು ಇಲ್ಲ." ಅವಳು ಹಗ್ಗದ ತುದಿಯನ್ನು ಅಂಗೈಗೆ ಎರಡು ಸುತ್ತು ಸುತ್ತಿಕೊಂಡಳು. "ಇಳಿಯೋನ ಕರುಳ ನಾ ಅದೇನಿ."

ಕೊಟ್ರೇಶ ಹಗ್ಗದ ಇನ್ನೊಂದು ತುದಿ ಎಳೆದು ಸೊಂಟಕ್ಕೆ ಬಿಗಿದುಕೊಂಡ. ಮೂರು ವರ್ಷದಲ್ಲಿ ಮೊದಲ ಸಲ.

"ಮೂರು ಸಲ ಜಗ್ಗೋತನಕ..."

"ಎಳಿಯಂಗಿಲ್ಲ. ಹೋಗು!"

ಅವನು ಮುಳುಗಿದ.

ಹಗ್ಗ ಅವಳ ಕೈಯಿಂದ ಜಾರುತ್ತಾ ಹೋಯಿತು. ಒಂದು ಮಾರು. ಎರಡು. ನಾಲ್ಕು. ಆಮೇಲೆ ನಿಂತಿತು. ಗಾಜಿನ ಕೆಳಗೆ ಮರಳು ಕದಡಿ ಏನೂ ಕಾಣದಾಯಿತು.

ಆಮೇಲೆ ಭಾರ ಬಂತು!

ಒಮ್ಮೆಲೇ ಬಂತು. ಬೆದರಿದ ಆಮೆ ಒದೆಯಿತೋ, ಅವನೇ ಬಲೆಗೆ ಸಿಕ್ಕಿಕೊಂಡನೋ... ಹಗ್ಗ ತಂತಿಯಂತೆ ಬಿಗಿದು ಅವಳ ಅಂಗೈಯನ್ನು ಕೊರೆಯಿತು. ಅವಳು ಮುಗ್ಗರಿಸಿ ದೋಣಿಯ ಅಂಚಿಗೆ ಬಿದ್ದಳು.

"ಎಳಿಯೇ ಶ್ವೇತಾ! ಎಳೀ!" ಜುಬೇದಾ ಕಿರುಚಿದಳು. ಮಾಸ್ತರರೊಬ್ಬರು ಹಗ್ಗಕ್ಕೆ ಕೈ ಹಾಕಲು ಬಂದರು.

"ಮುಟ್ಟಬ್ಯಾಡ್ರಿ! ಯಾರೂ ಮುಟ್ಟಬ್ಯಾಡ್ರಿ!"

ಮೈಯ ಒಂದೊಂದು ನರವೂ ಎಳೆ ಎನ್ನುತ್ತಿತ್ತು. ಅವನು ಅಲ್ಲಿ ಸಾಯುತ್ತಿದ್ದಾನೆ, ಎಳೆ! ಮಧುವಿನಂತೆ ಇವನೂ ಹೋಗುತ್ತಾನೆ, ಎಳೆ! ಅವಳ ಕೈಗಳು ತಾವೇ ಹಿಂದಕ್ಕೆ ಹೋಗುತ್ತಿದ್ದವು. ಆ ಕ್ಷಣದಲ್ಲಿ ಅವಳಿಗೆ ಅಪ್ಪ ಅರ್ಥವಾದ. 'ಅಪ್ಪಾ... ಇದನ್ನ ನೀ ಹ್ಯಾಂಗ ತಡಕೋಬೇಕಿತ್ತು?'

ಅವಳು ತುಟಿ ಕಚ್ಚಿದಳು. ಎಳೆಯಲಿಲ್ಲ.

ಭಾರ ಹೋಯಿತು. ಹಗ್ಗ ಸಡಿಲವಾಯಿತು. ಅದು ಇನ್ನೂ ಭಯಂಕರ! ಜೀವವೇ ಇಲ್ಲದ ಹಗ್ಗ ಅಂಗೈಯಲ್ಲಿ ಬಿದ್ದಿತ್ತು. ಎಷ್ಟು ಹೊತ್ತಾಯಿತು? ಯಾರಾದರೂ ಇಷ್ಟು ಹೊತ್ತು ಉಸಿರು ಹಿಡಿಯುತ್ತಾರೆಯೇ?

'ಜಗ್ಗು... ಕೊಟ್ರೇಶ, ಜಗ್ಗೋ... ನಿನ್ನ ಕಾಲು ಬೀಳ್ತೇನಿ...'

ಒಂದು.

ಎರಡು.

ಅವಳು ಕಾಲನ್ನು ದೋಣಿಯ ಅಂಚಿಗೆ ಒತ್ತಿ ನಿಂತಳು.

ಮೂರು!

ಅವಳು ಎಳೆದಳು. ಮೂವತ್ತು ವರ್ಷ ಚೀಲ ಎಳೆದವನ ಮಗಳು ಎಳೆದಳು! ಮೊದಲು ಮೇಲೆ ಬಂದದ್ದು ಆಮೆ. ದೋಣಿಯ ಪಕ್ಕದಲ್ಲೇ ತಲೆ ಎತ್ತಿ ಫುಸ್ಸೆಂದು ಉಸಿರು ಬಿಟ್ಟು, ಯಾರ ಕಡೆಗೂ ನೋಡದೆ ಆಳಕ್ಕೆ ಹೋಯಿತು. ಅದರ ಹಿಂದೆಯೇ ಅವನು.

ದೋಣಿಯೊಳಗೆ ಬಿದ್ದು ಕೆಮ್ಮಿದ. ಕಣ್ಣು ಕೆಂಪಾಗಿದ್ದವು.

"ಎಳೀಲಿಲ್ಲ ನೀ," ಎಂದ.

'ನೀ' ಅಂದ! ಶ್ವೇತಾ ಅವನ ಎದೆಗೆ ಎರಡೂ ಕೈಯಿಂದ ಗುದ್ದಿದಳು. ಅಂಗೈಯ ರಕ್ತ ಅವನ ಮೈಗೆ ಹತ್ತಿತು.

"ಎಳೀಬೇಕು ಅನಿಸ್ತು! ನೂರು ಸಲ ಅನಿಸ್ತು! ನಮ್ಮಪ್ಪಗ ಆವತ್ತ ಹ್ಯಾಂಗ ಆಗಿರಬೇಕು ಅಂತ ಇವತ್ತ ತಿಳೀತು ನನಗ."

"ಶ್ವೇತಾ... ಕೆಳಗ ಹಗ್ಗ ಬಲಿಗೆ ಸಿಕ್ಕಿತ್ತು. ಚಾಕು ಕೈಯಾಗ ಇತ್ತು. ಹಗ್ಗ ಕೊಯ್ದಿದ್ರ ಲಗೂ ಬಿಡಸಬೌದಿತ್ತು. ಕೊಯ್ಯಲಿಲ್ಲ. ಈ ಸಲಾನೂ ಬದುಕಬೇಕು ಅನಿಸ್ತು ನನಗ..."

"ಅನಿಸಲಿ! ನಿನಗ ಹೇಡಿ ಅಂದ ಬಾಯಿಲೇನ ಹೇಳಾಕತ್ತೇನಿ, ಕೇಳು. ಬದುಕಬೇಕು ಅನಿಸೂದು ತಪ್ಪಲ್ಲ. ಆವತ್ತ ಹಗ್ಗ ಕೊಯ್ದಿದ್ರ ದಂಡಿ ಮ್ಯಾಲ ಎರಡು ಹೆಣ ಇರ್ತಿದ್ವು. ನಾ ಇಬ್ಬರನ್ನೂ ಕಳಕೋತಿದ್ದೆ!"

ಅವನು ಮುಖ ಮುಚ್ಚಿಕೊಂಡು ಅತ್ತ. ಮೂರು ವರ್ಷ ಉಪ್ಪುನೀರಿನಲ್ಲಿದ್ದೂ ಹೊರಗೆ ಬರದಿದ್ದ ಅಳು ಅದು. ಜುಬೇದಾ ಎರಡನೆಯ ಲೈಫ್ ಜಾಕೆಟ್ ಬಿಚ್ಚಿ ಅವನ ಮೇಲೆ ಹೊದಿಸಿ, "ಸಾಕು ಅಳೂದು. ಬಟ್ಟಿ ಜೋಡಸ್ಕೋ ಹೋಗು, ನಾಳೆ ವಿಮಾನಕ್ಕ ನಮ್ಮ ಕೂಡ ನಡಿ," ಎಂದಳು.

*

ಬೆಂಗಳೂರಿನಿಂದ ರೈಲು ಹತ್ತಿದ ಮೇಲೆ ಅವಳ ಅವ್ವ ಮುತ್ತವ್ವನ ಫೋನ್ ಹತ್ತಲೇ ಇಲ್ಲ. ದಾವಣಗೆರೆ ಹೋಯಿತು. ರಾಣೆಬೆನ್ನೂರು ಹೋಯಿತು. ಬ್ಯಾಡಗಿ ಬಂದಾಗ ಕಿಟಕಿಯಿಂದ ಮೆಣಸಿನಕಾಯಿ ಘಾಟು ಒಳಗೆ ಬಂತು. ಕೊಟ್ರೇಶ ಸೀನಿದ. ಇಬ್ಬರಿಗೂ ನಗು ಬರಲಿಲ್ಲ. 'ತಡಾ ಆತೇನ ನಮಗ?' ಎಂದು ಇಬ್ಬರೂ ಯೋಚಿಸುತ್ತಿದ್ದರು.

ಹಾವೇರಿ ಸ್ಟೇಷನ್ನಿನಿಂದ ಆಟೋ ಹಿಡಿದು ಆಸ್ಪತ್ರೆಗೆ ಓಡಿದರು.

ಮುತ್ತವ್ವ ಮಂಚದ ಪಕ್ಕದಲ್ಲಿ ಗಂಜಿಯ ಬಟ್ಟಲು ಹಿಡಿದು ಕುಳಿತಿದ್ದಳು. ಗಂಜಿ ಆರಿ ಕೆನೆಗಟ್ಟಿತ್ತು. ಅಂದಾನೆಪ್ಪ ಮಂಚದಲ್ಲಿ ಇದ್ದಾನೋ ಇಲ್ಲವೋ ಎಂಬಷ್ಟು ಇಳಿದುಹೋಗಿದ್ದ. ಕಣ್ಣು ಮುಚ್ಚಿತ್ತು, ಎದೆ ಏಳುತ್ತಿತ್ತು.

"ಅಪ್ಪಾ... ಯಾರು ಬಂದಾರ ನೋಡು."

ಕಣ್ಣು ತೆರೆಯಿತು. ಬಾಗಿಲಲ್ಲಿ ನಿಂತವನನ್ನು ಗುರುತಿಸಲು ಸ್ವಲ್ಪ ಹೊತ್ತು ಹಿಡಿಯಿತು. ಗುರುತಿಸಿದ ಕೂಡಲೇ ಸೊಟ್ಟ ಬಾಯಿ ಅದುರತೊಡಗಿತು.

"ಕೊಟ್ರೇಶಾ... ನಾ... ನಾ ಎಳ..."

"ಗೊತ್ತೈತ್ರಿ." ಕೊಟ್ರೇಶ ಮಂಚದ ಪಕ್ಕ ನೆಲದ ಮೇಲೆ ಕುಳಿತ. "ನನ್ನದೂ ಒಂದು ಐತಿ. ನನ್ನ ಹತ್ರ ಚಾಕು ಇತ್ರಿ. ಹಗ್ಗ ಕೊಯ್ದು ಮಧೂನ ಕೂಡ ಉಳೀಬೌದಿತ್ತು. ಉಳೀಲಿಲ್ಲ ನಾ."

ಮುತ್ತವ್ವ ಸೆರಗು ಬಾಯಿಗೊತ್ತಿಕೊಂಡಳು. ಅಂದಾನೆಪ್ಪ ಅವನನ್ನೇ ನೋಡಿದ. ಕಣ್ಣಿನಿಂದ ನೀರು ಕಿವಿಯವರೆಗೆ ಇಳಿಯಿತು. ತುಂಬ ಕಷ್ಟಪಟ್ಟು ತಲೆಯನ್ನು ಆ ಕಡೆ ಈ ಕಡೆ ಅಲ್ಲಾಡಿಸಿದ.

"ಛಲೋ... ಮಾಡಿದಿ. ಒಬ್ಬ ಮಗನರ... ಉಳದ."

ಕೊಟ್ರೇಶ ಅವನ ಬಿದ್ದುಹೋದ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ.

"ನೀವು ಎಳದದ್ದಕ್ಕ ನಾ ಉಳದೇನ್ರಿ," ಎಂದ.

ಶ್ವೇತಾಳ ಚೀಲದಿಂದ ಹಗ್ಗ ತೆಗೆದ. ಒಂದು ತುದಿಯನ್ನು ತನ್ನ ಸೊಂಟಕ್ಕೆ ಕಟ್ಟಿಕೊಂಡ. ಇನ್ನೊಂದು ತುದಿಯನ್ನು ಅಂದಾನೆಪ್ಪನ ಎಡಗೈಯಲ್ಲಿ ಇಟ್ಟು ಬೆರಳು ಮಡಚಿದ.

"ಹಗ್ಗ ಕರುಳಿನವರ ಕೈಯಾಗ ಕೊಡಬೇಕ್ರಿ. ಹಿಡೀರಿ, ಮಾವಾ."

ಮಾವಾ! ಶ್ವೇತಾ ಗೋಡೆಗೆ ಒರಗಿಕೊಂಡಳು. ಅಂದಾನೆಪ್ಪನ ಬೆರಳುಗಳು ಹಗ್ಗದ ಮೇಲೆ ನಿಧಾನವಾಗಿ ಬಿಗಿದವು.

ಮುತ್ತವ್ವ ಚಮಚವನ್ನು ಗಂಡನ ಬಾಯಿಯ ಹತ್ತಿರ ಹಿಡಿದಳು. ಅವನು ಬಾಯಿ ತೆರೆದ. ಒಂದು ಚಮಚ. ಅರ್ಧ ಚೆಲ್ಲಿತು, ಅರ್ಧ ಇಳಿಯಿತು. ಆಮೇಲೆ ಇನ್ನೊಂದು.

ಗಂಜಿ ಮುಗಿಯುವಷ್ಟರಲ್ಲಿ ಅವನಿಗೆ ನಿದ್ದೆ ಬಂದಿತ್ತು. ಎಷ್ಟೋ ದಿನದ ಮೇಲೆ ಬಂದ ನಿದ್ದೆ. ಎಡಗೈ ಮುಷ್ಟಿ ಮಾತ್ರ ಬಿಗಿಯಾಗಿತ್ತು.

ಕೊಟ್ರೇಶ ಮೆಲ್ಲಗೆ ಏಳಲು ನೋಡಿದ. ಹಗ್ಗ ಬಿಗಿಯಿತು. ಮತ್ತೆ ಕುಳಿತ.

"ಏ ಟೀಚರ್," ಎಂದು ಪಿಸುಗುಟ್ಟಿದ.

ಮೂರು ವರ್ಷದ ಮೇಲೆ ಆ ಕರೆ! ಅವಳ ಕಣ್ಣು ತುಂಬಿ ಬಂದವು. "ಏನ?"

"ನಿಮ್ಮಪ್ಪ ಹಗ್ಗ ಬಿಡವಲ್ಲರು. ಇನ್ನ ನಾ ಎಲ್ಲೂ ಹೋಗಾಕ ಆಗಂಗಿಲ್ಲ."

ಅವಳು ಬಂದು ಅವನ ಪಕ್ಕ ನೆಲದ ಮೇಲೆ ಕುಳಿತಳು. ಗಾಯದ ಪಟ್ಟಿ ಕಟ್ಟಿದ ಅಂಗೈಯನ್ನು ಹಗ್ಗದ ಮೇಲೆ ಇಟ್ಟಳು.

"ಬಿಡಸಲೇನ?"

"ಬ್ಯಾಡ."